ಇಲ್ಲದ ದಶಾವತಾರವನ್ನು ಮಾರಿದವರು ಯಾರು?

ವಿಜಯವಾಡದ ಪಕ್ಕದ ಕೊಂಡಪಲ್ಲಿಯಲ್ಲಿ ದಶಾವತಾರದ ಬೊಂಬೆಗಳ ಒಂದು ಸೆಟ್ಟು ಅವಸರಕ್ಕೆ ಹುಟ್ಟುವುದಿಲ್ಲ. ಹಗುರವಾದ ತೆಲ್ಲ ಪೊಣಿಕಿ ಮರವನ್ನು ಒಣಗಿಸಿ ಕೆತ್ತಬೇಕು. ಬೇರೆ ಬೇರೆಯಾಗಿ ಕೆತ್ತಿದ ಕೈಕಾಲುಗಳನ್ನು ಹುಣಸೆಬೀಜದ ಅಂಟು, ಮರದ ಹೊಟ್ಟು ಕಲಸಿ ಕೂಡಿಸಬೇಕು. ಸುಣ್ಣ ಬಳಿದು, ಅದು ಒಣಗಿದ ಮೇಲೆ ಬಣ್ಣ. ವಿಶಾಖಪಟ್ಟಣದ ಕಡೆ, ವರಾಹ ನದಿ ದಂಡೆಯ ಏಟಿಕೊಪ್ಪಾಕದಲ್ಲಿ ಅಂಕುಡು ಮರವನ್ನು ಲೇತ್‌ಗೆ ಹಾಕಿ ಅರಗಿನ ಬಣ್ಣ ಹಚ್ಚುವವರ ಕೆಲಸವೂ ನಿಧಾನದ್ದೇ. (ಚನ್ನಪಟ್ಟಣದವರ ಹಾಲೆ ಮರವೇ ಅಲ್ಲಿನ ಅಂಕುಡು.)

ಆನ್‌ಲೈನ್ ಅಂಗಡಿಗೆ ಸುಣ್ಣ ಒಣಗುವ ಹೊತ್ತು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಮಾರಾಟಗಾರ ತುಂಬಿದ ಒಂದು ಅಂಕಿ. ಅವನ ಬಳಿ ಇರುವ ಐದು ಸೆಟ್ಟು ಮೂರು ತಾಣಗಳಲ್ಲಿ ಐದೈದಾಗಿ ಕಾಣುತ್ತವೆ. ಒಂದು ಕಡೆ ಮಾರಿದ ಸುದ್ದಿ ಉಳಿದೆರಡಕ್ಕೆ ತಲುಪುವಷ್ಟರಲ್ಲಿ ಇನ್ನಾರೋ ದುಡ್ಡು ಕಟ್ಟಿರುತ್ತಾರೆ. ಅಂಗಡಿಯಲ್ಲೇ ನಗದು ಕೊಟ್ಟು ಒಯ್ದದ್ದು, ಸೊಂಡಿಲು ಮುರಿದ ಅಂಬಾರಿ ಆನೆ, ವಾಪಸ್ ಬಂದು ಇನ್ನೂ ಬಿಚ್ಚದ ಡಬ್ಬ, ಎಲ್ಲವೂ ಲೆಕ್ಕದಲ್ಲಿ 'ಸ್ಟಾಕ್' ಆಗಿಯೇ ಉಳಿದಿರಬಹುದು. ಇನ್ನು ಕೆಲವರು ಸರಕನ್ನೇ ಇಟ್ಟಿರುವುದಿಲ್ಲ. ಆರ್ಡರ್ ಬಿದ್ದ ಮೇಲೆ ಹುಡುಕುತ್ತಾರೆ, ಸಿಗದಿದ್ದರೆ ಕ್ಯಾನ್ಸಲ್.

ಸಣ್ಣವರದು ಹಾಗಿರಲಿ. 2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ಮೊದಲ 'ಬಿಗ್ ಬಿಲಿಯನ್ ಡೇ' ರಿಯಾಯಿತಿ ಮಾರಾಟ ನಡೆಸಿತು. ಮರುದಿನವೇ ಅದರ ಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಗ್ರಾಹಕರ ಕ್ಷಮೆ ಕೇಳಿ ಪತ್ರ ಬರೆದರು. ಸರಕು ಮುಗಿದದ್ದನ್ನೂ ಆರ್ಡರ್‌ಗಳು ರದ್ದಾದದ್ದನ್ನೂ ಒಪ್ಪಿಕೊಂಡರು. ಅದೇ ತಿಂಗಳ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಅಂಥ ದಿನ ಪಾರ್ಸೆಲ್ ಬರಲಿಲ್ಲವೆಂದು ಯಾರೂ ಜಗಳ ತೆಗೆಯುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬುಡಮೇರು ಹಳ್ಳ ಉಕ್ಕಿ ವಿಜಯವಾಡದ ಸಿಂಗ್ ನಗರ ಮುಳುಗಿದಾಗಿನ ಮಾತೂ ಅಷ್ಟೇ. ತಾವೇ ಗೊತ್ತುಮಾಡಿದ ಮುಹೂರ್ತಕ್ಕೆ ಸರಕು ಸಾಲದಿರುವುದು ಮಾತ್ರ ಪ್ರಕೃತಿ ವಿಕೋಪವಲ್ಲ.

ವಿದೇಶಿ ಬಂಡವಾಳದ ಮಾರುಕಟ್ಟೆ ತಾಣಗಳು ಸ್ವಂತ ಸರಕು ಇಡುವಂತಿಲ್ಲ ಎಂಬ ನಿಯಮವಿದೆ. ಹಾಗಾಗಿ 'ಸ್ಟಾಕ್ ಮಾರಾಟಗಾರರದ್ದು, ನಮ್ಮದಲ್ಲ' ಎಂಬ ಉತ್ತರ ಸದಾ ಸಿದ್ಧ. ಆದರೆ ಹಣ ಪಡೆಯುವುದು ಆ ತಾಣ, ಕಮಿಷನ್ ಹಿಡಿಯುವುದೂ ಅದೇ. ಹೊಣೆಯೂ ಅಲ್ಲಿಂದಲೇ ಶುರುವಾಗಬೇಕು.

2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ತಾನಾಗಿ ರದ್ದು ಮಾಡಿದಾಗ ಶುಲ್ಕ ತೆರದ ಕಂಪನಿ ಗ್ರಾಹಕ ರದ್ದು ಮಾಡಿದಾಗಲೂ ಶುಲ್ಕ ಕೇಳುವಂತಿಲ್ಲ. ಕೇಳಲು ಚೆಂದ. ದಸರೆಯ ಬೊಂಬೆ ಸಾಲು ಅರ್ಧಕ್ಕೆ ನಿಂತವರ ಕೈಗೆ ಮಾತ್ರ ಇದರಿಂದ ಏನೂ ಬರುವುದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ತಾವಿರುವ ಊರಿನ ಜಿಲ್ಲಾ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು; ಆದರೆ ಒಂದು ಬೊಂಬೆಗಾಗಿ ಅಷ್ಟು ಓಡಾಡುವವರು ಎಷ್ಟು ಮಂದಿ? ಸರಕಿಲ್ಲವೆಂದು ರದ್ದಾದ ಆರ್ಡರಿನ ಹಣ ಅದೇ ದಿನ ಮರಳಬೇಕು, ಜೊತೆಗೆ ಒಂದಿಷ್ಟು ಪರಿಹಾರ ಕೇಳದೆಯೇ ಸಿಗಬೇಕು.

ಕೊಂಡಪಲ್ಲಿಯ ಕುಶಲಕರ್ಮಿಗೂ ಇದೇ ಅಳತೆ ಹಿಡಿದರೆ ಅನ್ಯಾಯ. ಅವರಿಗೆ ಬೇಕಾದದ್ದು 'ಸ್ಟಾಕ್' ಎಂಬ ಖಾನೆಯಲ್ಲ, 'ಮಾಡಿಕೊಡಲು ಇಷ್ಟು ದಿನ' ಎಂದು ಎದ್ದು ಕಾಣುವ ಒಂದು ಸಾಲು. ಅದು ಸ್ಪಷ್ಟವಾಗಿದ್ದರೆ, ದಸರೆಗೆ ಬೊಂಬೆ ಕೂರಿಸುವ ಮೈಸೂರಿನವರು ಶ್ರಾವಣದಲ್ಲೇ ಆರ್ಡರ್ ಕೊಟ್ಟಾರು.