ಆಟದಲ್ಲಿ ಅಂಕ ಯಾತಕ್ಕೆ?

ಪರೀಕ್ಷೆಯಲ್ಲಿ ಯಾವುದಕ್ಕೆ ಅಂಕವಿದೆಯೋ ವಿದ್ಯಾರ್ಥಿಗಳು ಅದನ್ನೇ ಓದುತ್ತಾರೆ. ಆಟದಲ್ಲೂ ಅಷ್ಟೆ. ಆಟಗಾರ ಒಂದು ಪಾತ್ರ ವಹಿಸಿಕೊಂಡು ಕಥೆಯೊಳಗೇ ಹೊಕ್ಕು ಆಡುವ ಆಟಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಎಂದು ಹೆಸರು. ಅದರಲ್ಲಿ ಪಾತ್ರಕ್ಕೆ ‘ಅನುಭವದ ಅಂಕ’ ಸೇರುತ್ತಾ ಹೋಗುತ್ತದೆ. ಅಂಕ ಸಾಕಷ್ಟಾದಾಗ ಪಾತ್ರ ಮೇಲಿನ ಹಂತಕ್ಕೇರಿ ಬಲಶಾಲಿಯಾಗುತ್ತದೆ.

ಇಂಥ ಆಟಗಳಿಗೆ ಮೂಲ, ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಕಾಗದ, ಪೆನ್ಸಿಲ್, ದಾಳಗಳಿದ್ದರೆ ಸಾಕು. ಅದರಲ್ಲಿ ರಾಕ್ಷಸನನ್ನು ಕೊಂದರೂ ಅಂಕ, ನಿಧಿ ತಂದರೂ ಅಂಕ. ಆದ್ದರಿಂದ ಜಾಣನಾದವನು ಕಾದಾಟ ತಪ್ಪಿಸಿ ನಿಧಿಯೊಂದಿಗೆ ಹೊರಬರಬಹುದಿತ್ತು. ಮುಂದೆ ಬಂದ ಎಷ್ಟೋ ಕಂಪ್ಯೂಟರ್ ಆಟಗಳಲ್ಲಿ ಕೊಲ್ಲುವುದಕ್ಕೇ ಹೆಚ್ಚು ಅಂಕ. ಪರಿಣಾಮ, ಎದುರು ಸಿಕ್ಕವರನ್ನು ಹೊಡೆಯುವುದೇ ಬೆಳೆಯುವ ದಾರಿಯಾಯಿತು.

ಈ ಲೆಕ್ಕವನ್ನು ಬದಲಿಸಿ ಹೆಸರಾದದ್ದು ರಿಚರ್ಡ್ ಗ್ಯಾರಿಯಟ್ ಅವರ ‘ಅಲ್ಟಿಮಾ 4’ (1985). ಕೊನೆಯಲ್ಲಿ ಕೊಲ್ಲಬೇಕಾದ ಖಳನಾಯಕನೇ ಇದರಲ್ಲಿಲ್ಲ. ಶತ್ರುವನ್ನು ಸೋಲಿಸಿದರೆ ಅಂಕ ಇಲ್ಲೂ ಉಂಟು. ಆದರೆ ಅಷ್ಟರಿಂದಲೇ ಆಟ ಮುಗಿಯದು. ಪ್ರಾಮಾಣಿಕತೆ, ಕರುಣೆ, ವಿನಯ ಮುಂತಾದ ಎಂಟು ಗುಣಗಳನ್ನು ಸಾಧಿಸಿ ‘ಅವತಾರ’ ಆಗಬೇಕು. ನಮಗೆಲ್ಲ ಚಿರಪರಿಚಿತವಾದ ಸಂಸ್ಕೃತ ಪದವೇ ಅದು!

ಭಿಕ್ಷುಕನಿಗೆ ಕಾಸು ಕೊಟ್ಟರೆ ಕರುಣೆ ಬೆಳೆಯುತ್ತದೆ. ರಕ್ತದಾನ ಮಾಡಿದರೆ ತ್ಯಾಗ. ಗಿಡಮೂಲಿಕೆ ಮಾರುವವರಿಗೆ ಕಣ್ಣು ಕಾಣದು. ಹಣವನ್ನು ಆಟಗಾರನೇ ಎಣಿಸಿ ಕೊಡಬೇಕು. ಕಡಿಮೆ ಕೊಟ್ಟರೂ ಮೂಲಿಕೆ ಸಿಗುತ್ತದೆ. ಆದರೆ ಕಂಪ್ಯೂಟರ್ ಸದ್ದಿಲ್ಲದೆ ಪ್ರಾಮಾಣಿಕತೆಯ ಅಂಕ ಕಳೆಯುತ್ತದೆ.

ಇಲ್ಲೊಂದು ತೊಡಕುಂಟು. ಅಂಕಕ್ಕಾಗಿಯೇ ಭಿಕ್ಷೆ ಹಾಕಿದರೆ ಅದು ಕರುಣೆಯೇ, ವ್ಯಾಪಾರವೇ?

ಟೋಬಿ ಫಾಕ್ಸ್ ಅವರ ‘ಅಂಡರ್‌ಟೇಲ್’ (2015) ಈ ಪ್ರಶ್ನೆಗೆ ಬೇರೆಯೇ ಉತ್ತರ ಕೊಟ್ಟಿತು. ಇದರಲ್ಲಿ ಎದುರಾಳಿಯೊಡನೆ ಮಾತಾಡಿ, ಕೊಲ್ಲದೆ ಬಿಟ್ಟುಬಿಡಬಹುದು. ಹಾಗೆ ಬಿಟ್ಟರೆ ಅನುಭವದ ಅಂಕ ಸೊನ್ನೆ. ಪಾತ್ರ ಮೊದಲ ಹಂತದಲ್ಲೇ ಉಳಿಯುತ್ತದೆ. ಕೊನೆಗೆ ಗುಟ್ಟು ಬಯಲಾಗುತ್ತದೆ: ಅನುಭವದ ಅಂಕ ಎಂದುಕೊಂಡದ್ದು ಕೊಲೆಯ ಲೆಕ್ಕ! ಯಾರನ್ನೂ ಕೊಲ್ಲದೆ ಸ್ನೇಹ ಗಳಿಸಿದವನಿಗೇ ಕಥೆಯ ನಿಜವಾದ ಸುಖಾಂತ್ಯ. ಅಂಕವಿಲ್ಲದೆ ಬಂದ ಬಹುಮಾನವದು.

ಮಗು ಕಂಪ್ಯೂಟರ್ ಮುಂದೆ ಕುಳಿತಾಗ ತಂದೆತಾಯಿಯರು ಸಾಮಾನ್ಯವಾಗಿ ಕೇಳುವುದು ‘ಎಷ್ಟು ಹೊತ್ತು ಆಡುತ್ತೀ?’ ಎಂದು. ಪಕ್ಕದಲ್ಲಿ ಕುಳಿತು ‘ಇದರಲ್ಲಿ ಯಾವುದಕ್ಕೆ ಅಂಕ ಕೊಡುತ್ತಾರೆ?’ ಎಂದೂ ಒಮ್ಮೆ ಕೇಳಬಹುದು. ಅಂಕಪಟ್ಟಿ ಕೈಗೆ ಬಂದ ದಿನವೂ ಈ ಪ್ರಶ್ನೆ ಕೇಳುವಂಥದ್ದೇ.