ನೋಡಿ ಬರೆದದ್ದು ಸರಿ, ಯಾರದನ್ನು ನೋಡಿ?

1984ರಲ್ಲಿ ಅಮೆರಿಕದ 'ವ್ಯಾನಿಟಿ ಫೇರ್' ಪತ್ರಿಕೆ 400 ಡಾಲರ್ ತೆತ್ತು ಛಾಯಾಗ್ರಾಹಕಿ ಲಿನ್ ಗೋಲ್ಡ್‌ಸ್ಮಿತ್ ಅವರ ಒಂದು ಫೋಟೊವನ್ನು ಎರವಲು ಪಡೆಯಿತು. ಗಾಯಕ ಪ್ರಿನ್ಸ್‌ನ ಚಿತ್ರ ಅದು, 1981ರಲ್ಲಿ ತೆಗೆದದ್ದು. ಫೋಟೊ ಅಚ್ಚಾಗಬೇಕಿರಲಿಲ್ಲ. ಕಲಾವಿದರೊಬ್ಬರು ಅದನ್ನು ಮುಂದಿಟ್ಟುಕೊಂಡು ಚಿತ್ರ ಬರೆಯುತ್ತಾರೆ, ಒಂದೇ ಸಲ ಬಳಸುತ್ತೇವೆ, ನಿಮ್ಮ ಹೆಸರು ಹಾಕುತ್ತೇವೆ ಎಂಬುದು ಕರಾರು. ಕರಾರಿನಲ್ಲಿದ್ದ ಪದ 'ರೆಫರೆನ್ಸ್'. ಕಲಾವಿದ, ಆಂಡಿ ವಾರ್ಹೋಲ್.

ವಾರ್ಹೋಲ್ ಒಂದಕ್ಕೆ ನಿಲ್ಲಲಿಲ್ಲ, ಹದಿನಾರು ಮಾಡಿದರು. ಅದು ಗೋಲ್ಡ್‌ಸ್ಮಿತ್ ಅವರಿಗೆ ಗೊತ್ತಾದದ್ದು 2016ರಲ್ಲಿ, ಪ್ರಿನ್ಸ್ ತೀರಿಕೊಂಡ ಮೇಲೆ. ಅದೇ ಪ್ರಕಾಶನ ಸಂಸ್ಥೆ ಕಿತ್ತಳೆ ಬಣ್ಣದ ಇನ್ನೊಂದು ಚಿತ್ರವನ್ನು ಮುಖಪುಟಕ್ಕೆ ಹಾಕಿತ್ತು. ವಾರ್ಹೋಲ್ ಪ್ರತಿಷ್ಠಾನಕ್ಕೆ 10,000 ಡಾಲರ್ ಸಂದಿತ್ತು. ಫೋಟೊ ತೆಗೆದವರಿಗೆ ಕಾಸೂ ಇಲ್ಲ, ಹೆಸರೂ ಇಲ್ಲ. ಜಗಳ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2023ರ ಮೇ 18ರಂದು 7–2ರ ಬಹುಮತದಲ್ಲಿ ತೀರ್ಪು ಗೋಲ್ಡ್‌ಸ್ಮಿತ್ ಕಡೆಗೆ ಬಂತು. ವಾರ್ಹೋಲ್ ಆ ಚಿತ್ರ ಬರೆದದ್ದೇ ತಪ್ಪೆಂದು ಕೋರ್ಟ್ ಹೇಳಲಿಲ್ಲ. ಫೋಟೊ ಮಾಡಬೇಕಾದ ಕೆಲಸವನ್ನೇ ಮಾಡಲು ಪ್ರತಿಷ್ಠಾನ ಆ ಚಿತ್ರವನ್ನು ಹಣ ಪಡೆದು ಪತ್ರಿಕೆಗೆ ಬಳಸಲು ಕೊಟ್ಟದ್ದು ಮಾತ್ರ ಕೋರ್ಟಿನ ತಕರಾರು.

ಅಂದು ಬೆಲೆ ಕಟ್ಟಿ, ಷರತ್ತು ಹಾಕಿ ಕೊಡುತ್ತಿದ್ದ ರೆಫರೆನ್ಸ್ ಇಂದು ಬಿಟ್ಟಿ ಸಿಗುತ್ತದೆ. ಗೂಗಲ್‌ನಲ್ಲಿ ಹುಡುಕಿದರೆ ಒಂದು, ಪಿಂಟರೆಸ್ಟ್‌ನಲ್ಲಿ ನೂರು. ಇಳಿಸಿಕೊಂಡ ಫೋಟೊವನ್ನು ಟ್ಯಾಬ್‌ನಲ್ಲಿ ಕೆಳಗಿನ ಲೇಯರ್ ಮಾಡಿ, ಮಸುಕುಗೊಳಿಸಿ, ಮೇಲೊಂದು ಹೊಸ ಲೇಯರ್ ತೆರೆದು ಗೆರೆ ಎಳೆದರೆ ಮುಖ ಬಂತು. ಕಲರ್ ಪಿಕರ್ ಒತ್ತಿದರೆ ಕೆನ್ನೆಯ ಬಣ್ಣವೂ ಬಂತು. ಕೊನೆಗೆ ಕೆಳಗಿನ ಲೇಯರ್ ಅಳಿಸಿ, 'ಮೂವತ್ತು ಗಂಟೆಯ ಶ್ರಮ' ಎಂದು ಬರೆದು ಇನ್‌ಸ್ಟಾಗ್ರಾಂಗೆ ಏರಿಸುವುದು. ಶ್ರಮ ಸುಳ್ಳಲ್ಲ. ಆದರೆ ಅಳಿಸಿದ ಆ ಲೇಯರ್‌ನಲ್ಲಿ ಇನ್ನೊಬ್ಬರ ಶ್ರಮವೂ ಇತ್ತು.

ಫೋಟೊ ನೋಡಿ ಬರೆಯುವುದೇ ಕಳ್ಳತನ ಎಂದು ಹಾರಾಡುವವರ ಮಾತನ್ನೂ ಒಪ್ಪಲಾಗದು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ಕೈಯಿಂದ ಬರೆದ ಬ್ಯಾನರ್ ನಿಲ್ಲುತ್ತಿದ್ದ ಕಾಲದಲ್ಲಿ ಕಲಾವಿದರು ಸಿನಿಮಾ ಸ್ಟಿಲ್ ಮೇಲೆ ಚೌಕುಳಿ ಗೆರೆ ಹಾಕಿ, ಅದೇ ಚೌಕಗಳನ್ನು ಬಟ್ಟೆಯ ಮೇಲೆ ದೊಡ್ಡದಾಗಿ ಎಳೆದು ಆಳೆತ್ತರದ ನಾಯಕನನ್ನು ಬರೆಯುತ್ತಿದ್ದರು. ಅದು ವಿದ್ಯೆ. ಮೇಲಾಗಿ ಸ್ಟಿಲ್ ಬರುತ್ತಿದ್ದುದು ಸಿನಿಮಾದವರ ಕೈಯಿಂದಲೇ, ಅದೇ ಸಿನಿಮಾದ ಪ್ರಚಾರಕ್ಕೆ. ಅಮೆರಿಕದ ನಾರ್ಮನ್ ರಾಕ್ವೆಲ್ ಕೂಡ ಫೋಟೊ ನೋಡಿಯೇ ಬರೆದವರು. ಆದರೆ ರೂಪದರ್ಶಿಯನ್ನು ಕರೆದು, ಭಂಗಿ ಹೇಳಿಕೊಟ್ಟು, ಆ ಫೋಟೊ ತೆಗೆಸುತ್ತಿದ್ದವರೂ ಅವರೇ.

ಹಾಗಾದರೆ ಎಲ್ಲಿ ತಪ್ಪುತ್ತದೆ? ಕಬಿನಿ ಕಾಡಿಗೆ ಹೋಗಿ ನೋಡಬೇಕು. 2020ರ ಜುಲೈನಲ್ಲಿ ಅಲ್ಲಿಯ ಒಂದು ಫೋಟೊ ದೇಶ ವಿದೇಶ ಸುತ್ತಿತು. ಮುಂದೆ ಕ್ಲಿಯೋಪಾತ್ರ ಎಂಬ ಚಿರತೆ, ಅದರ ಬೆನ್ನಿಗೇ ನೆರಳು ಮೂಡಿದಂತೆ ಸಾಯಾ ಎಂಬ ಕರಿಚಿರತೆ, ಎರಡರ ಕಣ್ಣೂ ನೇರ ಕ್ಯಾಮೆರಾದತ್ತ. ತೆಗೆದವರು ಮಿಥುನ್ ಎಚ್. ಆ ಕ್ಷಣಕ್ಕಾಗಿ ಅವರು ಆರು ದಿನ ಕಾದಿದ್ದರು. ಕರಿಚಿರತೆ ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬರೆಯಬಹುದು. ಅದರ ಭುಜದ ಎಲುಬು ಹೇಗೆ ಏಳುತ್ತದೆ, ಕಿವಿ ಎಲ್ಲಿ ಕೂರುತ್ತದೆ ಎಂದು ಆ ಫೋಟೊ ನೋಡಿ ಕಲಿತರೂ ಯಾರಿಗೂ ನಷ್ಟವಿಲ್ಲ. ಆದರೆ ಚಿರತೆಯ ಹಿಂದೆ ಅದೇ ಕೋನದಲ್ಲಿ ಕರಿಚಿರತೆಯನ್ನು ನಿಲ್ಲಿಸಿ, ಅದೇ ಬೆಳಕು, ಅದೇ ಚೌಕಟ್ಟು ಇಟ್ಟು ಬರೆದರೆ, ಅದು ಕಾಡಿನಿಂದ ಬಂದ ಚಿತ್ರವಲ್ಲ. ಇನ್ನೊಬ್ಬರ ಆರು ದಿನಗಳಿಂದ ಬಂದದ್ದು.

ಕೈಯಿಂದ ಬರೆದೆ, ಹಿನ್ನೆಲೆ ಬದಲಿಸಿದೆ, ಎಡಬಲ ತಿರುಗಿಸಿದೆ ಎಂಬುದು ನಮ್ಮ ಕಲಾವಿದರ ಸಾಮಾನ್ಯ ಸಮಜಾಯಿಷಿ. ಈ ವಾದ ಲಕ್ಸೆಂಬರ್ಗ್‌ನಲ್ಲಿ ಪರೀಕ್ಷೆಗೆ ಬಿತ್ತು. ಜಿಂಗ್ನಾ ಝಾಂಗ್ ಎಂಬ ಛಾಯಾಗ್ರಾಹಕಿ ತೆಗೆದ ಫ್ಯಾಷನ್ ಪತ್ರಿಕೆಯ ಚಿತ್ರವನ್ನು ಹೋಲುವ ತೈಲವರ್ಣ ಚಿತ್ರಕ್ಕೆ 2022ರಲ್ಲಿ ಸ್ಟ್ರಾಸೆನ್ ಕಲಾ ಪ್ರದರ್ಶನದಲ್ಲಿ 1,500 ಯೂರೊ ಬಹುಮಾನ ಬಂತು. ಬರೆದ ಯುವಕ ಮುಖವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ್ದ. ಆ ಭಂಗಿಯಲ್ಲಿ ಹೊಸತೇನಿಲ್ಲ ಎಂದು ಕೆಳ ಕೋರ್ಟ್ ಝಾಂಗ್ ಅವರ ದೂರನ್ನು ತಳ್ಳಿಹಾಕಿತು. 2024ರ ಮೇ ತಿಂಗಳಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ತಿರುವು ಮುರುವು ಮಾಡಿ, ಅವರ ಹಕ್ಕು ಉಲ್ಲಂಘನೆಯಾಗಿದೆ ಎಂದಿತು.

ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಫೋಟೊ ಕೂಡ ವರ್ಣಚಿತ್ರ, ಶಿಲ್ಪಗಳಂತೆ ಕಲಾಕೃತಿಯೇ. 2012ರ ತಿದ್ದುಪಡಿಯ ನಂತರ ಛಾಯಾಗ್ರಾಹಕರ ಜೀವಮಾನ ಮತ್ತು ಅವರು ತೀರಿಕೊಂಡ ಮೇಲಿನ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. ಸ್ವಂತ ಅಭ್ಯಾಸಕ್ಕೆ, ವಿಮರ್ಶೆಗೆ ಬಳಸಿಕೊಳ್ಳಲು ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ. ಸ್ಕೆಚ್ ಪುಸ್ತಕದಲ್ಲಿ ಏನು ಬರೆದುಕೊಂಡರೂ ಯಾರೂ ಕೇಳುವುದಿಲ್ಲ. ಮಾರಾಟಕ್ಕೆ, ಸ್ಪರ್ಧೆಗೆ ಇಟ್ಟಾಗ ಲೆಕ್ಕ ಬೇರೆ. ನಾಟಕವೊಂದರಿಂದ ಸಿನಿಮಾ ಕದ್ದರೇ ಎಂಬ ಆರ್.ಜಿ. ಆನಂದ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1978ರಲ್ಲೇ ಒರೆಗಲ್ಲು ಕೊಟ್ಟಿದೆ: ವಿಚಾರ ಯಾರದೂ ಅಲ್ಲ, ಆದರೆ ಎರಡನ್ನೂ ನೋಡಿದವನಿಗೆ ಇದು ಅದರ ನಕಲೇ ಎಂದು ಖಚಿತವಾಗಿ ಅನಿಸಿದರೆ ಅದು ನಕಲು. (ಹಣ ಕೊಟ್ಟು ತೆಗೆಸಿಕೊಂಡ ಮದುವೆ ಫೋಟೊದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿಕೊಂಡವರೇ. ಅತ್ತೆ ಮಾವನ ಭಾವಚಿತ್ರ ಬರೆಸುವವರು ನಿಶ್ಚಿಂತೆಯಿಂದಿರಬಹುದು.)

ನಕಲು ಮಾಡುವುದಕ್ಕಿಂತ ಅದನ್ನು ಮುಚ್ಚಿಡಲು ಹೋಗಿಯೇ ಹೆಚ್ಚು ಜನ ಕೆಡುತ್ತಾರೆ. ಬರಾಕ್ ಒಬಾಮ ಅವರ 2008ರ ಚುನಾವಣೆಯಲ್ಲಿ ಕೆಂಪು–ನೀಲಿ ಬಣ್ಣದ 'ಹೋಪ್' ಪೋಸ್ಟರ್ ಬರೆದ ಶೆಪರ್ಡ್ ಫೇರಿ ಬಳಸಿದ್ದು ಎಪಿ ಸುದ್ದಿಸಂಸ್ಥೆಗಾಗಿ ಮ್ಯಾನಿ ಗಾರ್ಸಿಯಾ 2006ರಲ್ಲಿ ತೆಗೆದ ಫೋಟೊ. ಪ್ರಶ್ನೆ ಎದ್ದಾಗ ಫೇರಿ, ತಾನು ನೋಡಿದ್ದು ನಟ ಜಾರ್ಜ್ ಕ್ಲೂನಿ ಪಕ್ಕದಲ್ಲಿರುವ ಬೇರೊಂದು ಫೋಟೊ ಎಂದರು. ಆ ಸುಳ್ಳಿಗೆ ಪೂರಕವಾಗಿ ಕಡತಗಳನ್ನು ಅಳಿಸಿದರು, ಹೊಸದಾಗಿ ಸೃಷ್ಟಿಸಿದರು. ಫೋಟೊದ ವ್ಯಾಜ್ಯ 2011ರಲ್ಲಿ ರಾಜಿಯಲ್ಲಿ ಮುಗಿಯಿತು. ಸುಳ್ಳು ಮಾತ್ರ ಬಿಡಲಿಲ್ಲ. 2012ರಲ್ಲಿ ಎರಡು ವರ್ಷದ ಪ್ರೊಬೇಷನ್, 300 ಗಂಟೆ ಸಮುದಾಯ ಸೇವೆ, 25,000 ಡಾಲರ್ ದಂಡ. ಮೊದಲೇ ಒಂದು ಫೋನ್ ಮಾಡಿ ಕೇಳಿದ್ದರೆ ಇಷ್ಟೆಲ್ಲ ಬೇಕಿತ್ತೇ?

ಫೋಟೊ ನೋಡಿ ಬರೆಯುವ ಇದೇ ಕಲಾವಿದರ ಬಳಗ ಈಗ ಕೃತಕ ಬುದ್ಧಿಮತ್ತೆಯ ಮೇಲೆ ಹರಿಹಾಯುತ್ತಿದೆ. ನಮ್ಮನ್ನು ಕೇಳದೆ ನಮ್ಮ ಚಿತ್ರಗಳನ್ನು ಯಂತ್ರಕ್ಕೆ ಉಣಿಸಿದರು ಎಂಬ ಸಿಟ್ಟು ನ್ಯಾಯವಾದದ್ದೇ. ಜಿಂಗ್ನಾ ಝಾಂಗ್ ಅವರೂ ಇದೇ ಕಾರಣಕ್ಕೆ ಗೂಗಲ್ ವಿರುದ್ಧ ಕೋರ್ಟಿಗೆ ಹೋಗಿದ್ದಾರೆ. ಈ ಯಂತ್ರಗಳಿಗೂ ಮೊದಲೇ, ಕಾಸರಗೋಡಿನ ಕುಂಬಳೆಯ ಕರಣ್ ಆಚಾರ್ಯ 2015ರಲ್ಲಿ ಬರೆದ ಕೇಸರಿ–ಕಪ್ಪು ಹನುಮಂತ ಲೆಕ್ಕವಿಲ್ಲದಷ್ಟು ಕಾರುಗಳ ಹಿಂದಿನ ಗಾಜು ಹತ್ತಿತು. ಆ ಸ್ಟಿಕರ್ ಅಂಟಿಸಿಕೊಂಡವರಲ್ಲಿ ಬರೆದವರ ಹೆಸರು ಗೊತ್ತಿದ್ದವರು ಎಷ್ಟು ಮಂದಿ? ಡಿಜಿಟಲ್ ಕಲಾವಿದರಿಗೆ ಈ ನೋವು ಹೊಸದಲ್ಲ. ಅವರ ರೆಫರೆನ್ಸ್ ಫೋಲ್ಡರ್‌ನಲ್ಲಿ ಹೆಸರಿಲ್ಲದೆ ಬಿದ್ದಿರುವ ಫೋಟೊಗಳ ಒಡೆಯರಿಗೂ ಅದೇ ನೋವು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಕರ್ನಾಟಕದ ಗೋಡೆ, ಆಟೊ, ಟೀ ಶರ್ಟ್, ಫೋನ್ ಪರದೆಗಳಲ್ಲಿ ಅವರ ನಗು ಮೂಡಿತು. ಅದು ಅಭಿಮಾನ, ಅದಕ್ಕೆ ಯಾರೂ ರಸೀದಿ ಕೇಳಬಾರದು. ಆದರೂ ಆ ನಗುವನ್ನು ಸರಿಯಾದ ಗಳಿಗೆಯಲ್ಲಿ ಹಿಡಿದ ಸ್ಟಿಲ್ ಫೋಟೊಗ್ರಾಫರ್‌ಗಳು ಯಾರು? ಚಿತ್ರದ ಕೆಳಗೆ ಬರೆದವನ ಸಹಿ ಇದೆ, ಅವರದಿಲ್ಲ.

ಕೇಳುವುದು ಈಗ ಕಷ್ಟವೂ ಅಲ್ಲ. ಫೋಟೊ ತೆಗೆದವರಿಗೆ ಒಂದು ಸಂದೇಶ ಕಳಿಸಬಹುದು. ವಿಕಿಮೀಡಿಯ ಕಾಮನ್ಸ್‌ನಲ್ಲಿ ಹೆಸರು ಹಾಕಿದರೆ ಬಳಸಬಹುದಾದ ಚಿತ್ರಗಳು ರಾಶಿ ಬಿದ್ದಿವೆ. ಕೈಯಲ್ಲೇ ಫೋನ್ ಇದೆ, ತಂಗಿಯನ್ನೋ ಗೆಳೆಯನನ್ನೋ ಕಿಟಕಿ ಬಳಿ ಕೂರಿಸಿ ತಾವೇ ತೆಗೆದುಕೊಳ್ಳಬಹುದು. ಕಲಾ ಶಾಲೆಗಳು, ಚಿತ್ರ ಸ್ಪರ್ಧೆ ನಡೆಸುವ ಸಂಘಗಳು ಇನ್ನೊಂದು ಕೆಲಸ ಮಾಡಲಿ: ಪ್ರವೇಶ ಪತ್ರದಲ್ಲಿ ಒಂದು ಸಾಲು ಸೇರಿಸಿ, ಯಾವ ಫೋಟೊ ನೋಡಿ ಬರೆದಿರಿ, ತೆಗೆದವರು ಯಾರು ಎಂದು ಕೇಳಲಿ. ಬಹುಮಾನ ಪಡೆದ ಚಿತ್ರವನ್ನು ಗೋಡೆಗೆ ಹಾಕುವಾಗ ಆ ಫೋಟೊವನ್ನೂ ಪಕ್ಕದಲ್ಲಿ ತೂಗುಹಾಕಲಿ.