ಮಾತ್ರೆ ಕವರಿನ ಮೇಲೆ ಕನ್ನಡ ಬರೆಸಿ!

ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿ ಎಂದು ನರಳುವ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ಆ ನರದ ನೋವಿಗೆ ಡಾಕ್ಟರು ಪ್ರೀಗ್ಯಾಬಲಿನ್ ಬರೆಯುತ್ತಾರೆ. ಮೆಡಿಕಲ್ ಶಾಪಿನವನು ಕವರಿನ ಮೇಲೆ ೧-೦-೧ ಎಂದು ಗೀಚಿ ಎಸೆಯುತ್ತಾನೆ. ಅಜ್ಜಿಗೆ ಏನು ಅರ್ಥವಾಗಬೇಕು?

ಇದು ತಲೆನೋವಿನ ಮಾತ್ರೆಯಲ್ಲ. ನೋವು ಜಾಸ್ತಿಯೆಂದು ಇನ್ನೊಂದು ನುಂಗಿದರೆ ತಲೆ ಸುತ್ತುತ್ತದೆ. ರಾತ್ರಿ ಬಚ್ಚಲಿಗೆ ಎದ್ದವರು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಔಷಧ ಮೈಯಿಂದ ಹೊರಹೋಗುವುದೇ ಕಿಡ್ನಿಯ ಮೂಲಕ. ಕಿಡ್ನಿ ಸೋತಿದ್ದರೆ ಪಕ್ಕದ ಮನೆಯವರಿಗೆ ಒಗ್ಗಿದ ೧೫೦ ಮಿಲಿಗ್ರಾಂ ಇವರಿಗೆ ಅತಿಯಾದೀತು. ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದ್ದೀರಾ ಎಂದು ಡಾಕ್ಟರನ್ನೇ ಕೇಳಿ, ಸಂಕೋಚ ಬೇಡ. ನಿದ್ದೆ ಮಾತ್ರೆ, ಟ್ರಮಡಾಲ್, ಹೆಂಡ ಜೊತೆಗೂಡಿದರಂತೂ ಉಸಿರೇ ಕುಗ್ಗಬಹುದು. ಉಸಿರಾಟದ ಈ ಅಪಾಯದ ಬಗ್ಗೆ ಅಮೆರಿಕದ ಎಫ್‌ಡಿಎ ೨೦೧೯ರಲ್ಲೇ ಎಚ್ಚರಿಸಿದೆ. ಉರಿ ಹೋಯಿತೆಂದು ಥಟ್ಟನೆ ನಿಲ್ಲಿಸುವುದೂ ತಪ್ಪು. ಡಾಕ್ಟರು ಹೇಳಿದಂತೆ ಕನಿಷ್ಠ ಒಂದು ವಾರದಲ್ಲಿ ಮೆಲ್ಲಗೆ ಇಳಿಸಬೇಕು.

ಅಂಗಡಿಯ ಬೋರ್ಡು ಕನ್ನಡವಾದರೆ ಸಾಕೇ? ‘ಬೆಳಿಗ್ಗೆ ಒಂದು, ರಾತ್ರಿ ಒಂದು, ಹೆಚ್ಚು ಬೇಡ, ತಾನಾಗಿ ನಿಲ್ಲಿಸಬೇಡ’ ಎಂದು ಡಾಕ್ಟರು ಹೇಳಿದ ಲೆಕ್ಕವನ್ನು ಕವರಿನ ಮೇಲೆ ಕನ್ನಡದಲ್ಲಿ ಬರೆಸಿ. ಬರೆದುಕೊಡುವವರೆಗೆ ಕೌಂಟರಿನಿಂದ ಕದಲಬೇಡಿ.